ಹೊಲಿಗೆಯಿಲ್ಲದ ಕೈಗವಸು

ನಮ್ಮ ಮಾವನಿಗೆ ಕೈಗವಸು ಹೊಲಿಯುವುದೊಂದು ಬಿಟ್ಟು ಬೇರೇನೂ ಬರುವುದಿಲ್ಲ. ಮನೆ ಅಳಿಯನಾದವನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಎಂದುಕೊಳ್ಳಬೇಡಿ, ಅವರೇ ಹೇಳಿಕೊಳ್ಳುವ ಮಾತಿದು. ಅವರು ಮೊಳೆ ಹೊಡೆದರೆ ಗೋಡೆ ಉದುರುತ್ತದೆ, ಹಾಲು ಕಾಯಿಸಿದರೆ ಅರ್ಧ ಹಾಲು ಒಲೆಯ ಪಾಲಾಗುತ್ತದೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯೇ ಅವರ ಅಂಗಡಿ. ಕಿಟಕಿಯ ಪಕ್ಕ ಒಂದು ಮೇಜು, ದಾರದ ಉಂಡೆಗಳಿಟ್ಟ ಗಾಜಿನ ಬೀರು, ಗೋಡೆಯ ಉದ್ದಕ್ಕೂ ಸಾಲಾಗಿ ನಿಲ್ಲಿಸಿದ, ಕೈಗವಸು ತೊಡಿಸಿ ಅಳತೆ ನೋಡುವ ಮರದ ಕೈಗಳು. ಮದುವೆಯಾದ ಹೊಸದರಲ್ಲಿ ಆ ಕೈಗಳನ್ನು ಕಂಡರೆ, ಇಡೀ ಮನೆಯವರು ಸೇರಿ 'ಅಲ್ಲೇ ನಿಲ್ಲಪ್ಪ, ಒಳಗೆ ಬರಬೇಡ' ಎನ್ನುತ್ತಿರುವಂತೆ ನನಗೆ ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಒಂದರ ಬೆರಳಿಗೆ ನನ್ನ ವ್ಯಾನಿನ ಕೀಲಿ ಸಿಕ್ಕಿಸತೊಡಗಿದೆ.

ಅಂಥ ಮನುಷ್ಯನ ಕೈಗೆ ಚರ್ಮವೇ ಆಗಿಬರದಂತಾಯಿತು. ತೊಗಲು ಹದ ಮಾಡುವ ಕಾರ್ಖಾನೆಗಳಲ್ಲಿ ಅದೇನೋ ಕ್ರೋಮ್ ಉಪ್ಪು ಹಾಕುತ್ತಾರಂತೆ. ಜೀವಮಾನವೆಲ್ಲ ಅದನ್ನು ಮುಟ್ಟಿದ ಮಾವನ ಕೈ, ಇನ್ನು ನನ್ನಿಂದಾಗದು ಎಂದು ಹಟ ಹಿಡಿಯಿತು. ಮೊದಲು ತುರಿಕೆ, ಆಮೇಲೆ ಬೆರಳ ಸಂದಿನಲ್ಲಿ ನೀರ್ಗುಳ್ಳೆ, ಕೊನೆಗೆ ಅಂಗೈ ಬಿರಿದು ರಕ್ತ. ಕೈಗವಸಿನ ಒಳಗೆ ಕೆಂಪು ಕಲೆ ಕಂಡು ಗಿರಾಕಿಯೊಬ್ಬ ಅದನ್ನು ವಾಪಸು ತಂದುಕೊಟ್ಟ ದಿನ, ಅತ್ತೆ ಅವರನ್ನು ಎಳೆದುಕೊಂಡೇ ಆಸ್ಪತ್ರೆಗೆ ಹೋದರು. ಡಾಕ್ಟರು ಕೈ ತಿರುಗಿಸಿ ತಿರುಗಿಸಿ ನೋಡಿ, "ಮುಲಾಮು ಬರೆದುಕೊಡ್ತೀನಿ, ಆದರೆ ಅದು ಆಮೇಲಿನ ಮಾತು. ಮೊದಲು ಈ ಕೆಲಸ ಬಿಡಿ" ಎಂದರು. ನೆಗಡಿಯಾದವನಿಗೆ ಐಸ್‌ಕ್ರೀಮ್ ಬಿಡು ಎನ್ನುವಷ್ಟು ಸಲೀಸಾಗಿ ಅಂದುಬಿಟ್ಟರು ಎಂದು ಅತ್ತೆಗೆ ಈಗಲೂ ಸಿಟ್ಟಿದೆ.

ಮಾವ ಬಿಡಲಿಲ್ಲ. ರಬ್ಬರಿನ ಕೈಗವಸು ಹಾಕಿಕೊಂಡು ಚರ್ಮದ ಕೈಗವಸು ಹೊಲಿಯಲು ಹೋದರು. ಚರ್ಮ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಹೆಬ್ಬೆರಳಿಗೆ ಗೊತ್ತಾಗದೆ ಒಳ್ಳೆಯ ಮಾಲು ಹಾಳಾಯಿತು. ರಬ್ಬರನ್ನು ಕಿತ್ತು ಬೀದಿಗೆಸೆದು ಬರಿಗೈಯಲ್ಲಿ ಇನ್ನಷ್ಟು ದಿನ ನಡೆಸಿದರು. ತುತ್ತು ಎತ್ತಲೂ ಆಗದಷ್ಟು ಕೈ ಊದಿಕೊಂಡ ಮೇಲೆ ಸೂಜಿ ಕೆಳಗಿಟ್ಟರು.

ಸುಮ್ಮನೆ ಕೂತ ಮಾವನನ್ನು ಸಹಿಸುವುದೇನೂ ಹುಡುಗಾಟವಲ್ಲ. ಬೆಳಗ್ಗೆ ಎದ್ದರೆ ಮನೆಮಂದಿಯ ಚಪ್ಪಲಿಗಳನ್ನು ಅಳತೆ ಪ್ರಕಾರ ಜೋಡಿಸುತ್ತಿದ್ದರು. ಒಗೆದು ಹಾಕಿದ ಬಟ್ಟೆಗಳ ಹೊಲಿಗೆ ಪರೀಕ್ಷಿಸಿ ಊರಿನ ದರ್ಜಿಗಳನ್ನೆಲ್ಲ ಸಾಲಾಗಿ ಬೈಯುತ್ತಿದ್ದರು. ಒಂದು ದಿನ ನನ್ನ ವ್ಯಾನಿನಲ್ಲಿ ಕೂತು, "ಅಳಿಯಂದ್ರೆ, ಈ ಸೀಟನ್ನ ಕೈಯಲ್ಲಿ ಹೊಲಿದ್ರೋ, ಕಾಲಲ್ಲಿ ಹೊಲಿದ್ರೋ?" ಎಂದು ಕೇಳಿದರು. ನಾನು ನಕ್ಕೆ. ಆದರೆ ಮಧ್ಯಾಹ್ನದ ಹೊತ್ತು ಅವರು ಖಾಲಿ ಮೇಜಿನ ಮುಂದೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬೀದಿಯಲ್ಲಿ ಹೋಗಿಬರುವವರ ಕೈಗಳನ್ನೇ ನೋಡುತ್ತಿರುತ್ತಿದ್ದರು. ಆಗ ನಗು ಬರುತ್ತಿರಲಿಲ್ಲ. ಮನೆ ನಡೆಯಲು ನನ್ನ ಮತ್ತು ನನ್ನ ಹೆಂಡತಿಯ ಸಂಬಳ ಸಾಕಾಗಿತ್ತು. ಮಾವನಿಗೆ ಬೇಕಾಗಿದ್ದದ್ದು ಕೆಲಸ, ಅಷ್ಟೇ. ಅದಿಲ್ಲದೆ ಅವರು ನಮ್ಮ ಕಣ್ಣೆದುರಿಗೇ ಸಣ್ಣಗಾಗುತ್ತಿದ್ದರು.

ನನ್ನ ಹೆಂಡತಿ ಅವರ ಒಬ್ಬಳೇ ಮಗಳು. ತಿನ್ನುವ ಅಣಬೆ ಬೆಳೆಸುವ ಕಂಪನಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಊಟದ ಡಬ್ಬಿಯಲ್ಲಿ ಅಂಗೈಯಗಲದ ಕಂದು ತುಂಡೊಂದನ್ನು ತಂದು ಅಪ್ಪನ ಮುಂದಿಟ್ಟಳು.

"ಮುಟ್ಟಿ ನೋಡಪ್ಪ."

ಮಾವ ಹೆಬ್ಬೆರಳಲ್ಲಿ ಉಜ್ಜಿದರು, ಮೂಸಿದರು, ಎರಡು ತುದಿ ಹಿಡಿದು ಎಳೆದರು. "ಯಾವ ಪ್ರಾಣಿದು? ಕರುವಂತೂ ಅಲ್ಲ."

"ಪ್ರಾಣಿದೇ ಅಲ್ಲ. ಅಣಬೆದು."

ಅಣಬೆ ಎಂದರೆ ಕಣ್ಣಿಗೆ ಕಾಣುವ ಕೊಡೆಯಷ್ಟೇ ಅಲ್ಲವಂತೆ. ಅದರ ಕೆಳಗೆ, ಕೊಳೆತ ಮರದೊಳಗೆ, ಕೂದಲಿಗಿಂತ ಸಣ್ಣ ಬಿಳಿ ಎಳೆಗಳು ಹಬ್ಬಿರುತ್ತವೆ. ಅದೇ ನಿಜವಾದ ಅಣಬೆ, ಕೊಡೆ ಅದರ ಹೂವಿದ್ದಂತೆ. ಆ ಎಳೆಗಳನ್ನು ಟ್ರೇಯಲ್ಲಿ ಒತ್ತೊತ್ತಾಗಿ ಬೆಳೆಯಲು ಬಿಟ್ಟರೆ ಮೇಲೊಂದು ದಪ್ಪ ಪದರ ಕಟ್ಟುತ್ತದೆ. ಸುಲಿದು, ಒತ್ತಿ, ಬಿಸಿಯಲ್ಲಿ ಬೇಯಿಸಿ ಜೀವ ತೆಗೆದು, ಎಣ್ಣೆ ತಿಕ್ಕಿದರೆ ಚರ್ಮದಂಥ ಹಾಳೆ. ಕ್ರೋಮ್ ಇಲ್ಲ, ಕಸಾಯಿಖಾನೆ ಇಲ್ಲ. ಪ್ರಪಂಚದ ಫ್ಯಾಷನ್ ಕಂಪನಿಗಳೆಲ್ಲ ಅದರ ಹಿಂದೆ ಬಿದ್ದಿವೆ ಎಂದು ಅವಳು ಹೇಳಿದಳು. ಅವಳಿಗೆ ಪ್ರಪಂಚದ ಗೊಡವೆ ಇರಲಿಲ್ಲ. ಅಪ್ಪನ ಕೈಗೆ ಆಗಿಬರುವ ಚರ್ಮ ಬೇಕಿತ್ತು.

ಕೆಲಸ ಬಿಟ್ಟು ಹಿಂದಿನ ಕೋಣೆ ಹಿಡಿದಳು. ನಾನು ಮರದ ಮಿಲ್ಲಿನ ವ್ಯಾನ್ ಓಡಿಸುವವನು. ಮಿಲ್ಲಿನಲ್ಲಿ ರಾಶಿ ಬೀಳುವ ಮರದ ಹೊಟ್ಟನ್ನು ಮೂಟೆ ಕಟ್ಟಿ ತಂದು ಹಾಕುವುದು ನನ್ನ ಪಾಲಿಗೆ ಬಂತು. ಹೊಟ್ಟನ್ನು ಡ್ರಮ್ಮಿನಲ್ಲಿ ಹಬೆಯಾಡಿಸಿ, ಆರಿಸಿ, ಅಣಬೆಯ ಬೀಜ ಕಲಸಿ ಟ್ರೇಗೆ ತುಂಬಿದಳೆಂದರೆ ಮುಗಿಯಿತು, ಆ ಕೋಣೆಗೆ ಯಾರೂ ಹೆಜ್ಜೆ ಇಡುವಂತಿಲ್ಲ. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗಬೇಕು. ಅತ್ತೆ ಬಾಗಿಲಲ್ಲಿ ನಿಂತು, "ಎಲ್ಲರ ಮನೇಲೂ ಬೂಷ್ಟು ಬಂದ್ರೆ ಒರೆಸ್ತಾರೆ. ನಮ್ಮನೇಲಿ ಕೈತೊಳೆದುಕೊಂಡು ಹೋಗಿ ಕುಶಲ ವಿಚಾರಿಸ್ತಾರೆ" ಎನ್ನುತ್ತಿದ್ದರು.

ಮೊದಲ ಹಾಳೆಗಳು ಹಪ್ಪಳದ ಹಾಗೆ ಮುರಿದವು. ಆಮೇಲಿನವು ಒದ್ದೆ ರಟ್ಟಿನ ಹಾಗಿದ್ದವು. ಮಾವ ಪ್ರತಿಯೊಂದನ್ನೂ ಹೆಬ್ಬೆರಳಲ್ಲಿ ಒತ್ತಿ, "ಇದಕ್ಕೆ ಎಳೆತ ಇಲ್ಲ" ಎಂದು ಪಕ್ಕಕ್ಕಿಡುತ್ತಿದ್ದರು. ಕೈಗವಸಿನ ಚರ್ಮ ಅಗಲಕ್ಕೆ ಎಳೆದರೆ ಬರಬೇಕು, ಉದ್ದಕ್ಕೆ ಎಳೆದರೆ ಬರಬಾರದು. ಇಲ್ಲದಿದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಮಗಳು ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುವಳು, ಮತ್ತೊಂದು ಹಾಳೆಯೊಡನೆ ಬರುವಳು. ವರ್ಷ ತಿರುಗುವ ಹೊತ್ತಿಗೆ ಒಂದು ಹಾಳೆಯನ್ನು ಮಾವ ಪಕ್ಕಕ್ಕಿಡಲಿಲ್ಲ. ಎದ್ದು ಹೋಗಿ ಕತ್ತರಿ ತಂದರು.

ಆ ಜೊತೆ ಹೊಲಿದು ಮುಗಿದಾಗ ಅತ್ತೆ ಗಂಡನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಒಂದು ಗುಳ್ಳೆಯೂ ಎದ್ದಿರಲಿಲ್ಲ. ಮಾವ ಅಂದಿನಿಂದ ಬೆಳಗ್ಗೆ ತಿಂಡಿಗೂ ಮುಂಚೆ ಮೇಜಿನ ಮುಂದೆ ಹಾಜರು. ಚಪ್ಪಲಿಗಳು ಮತ್ತೆ ದಿಕ್ಕಾಪಾಲಾಗಿ ಬೀಳತೊಡಗಿದವು, ಮನೆಗೆ ಮನೆಯ ಕಳೆ ಬಂತು.

ಎಡವಟ್ಟಾದದ್ದು ಇಲ್ಲೇ. ಚರ್ಮ ಕತ್ತರಿಸುವ ಹಿಂದಿನ ದಿನ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ಕೈಗವಸಿನವರ ಪದ್ಧತಿ. ಮೆತ್ತಗಾಗಿ ಎಳೆತಕ್ಕೆ ಬರುತ್ತದೆ. ಅಣಬೆಯ ಹಾಳೆಗೆ ಅದೆಲ್ಲ ಬೇಡ ಎಂದು ಮಗಳು ಹೇಳಿದ್ದಳು. ಆದರೆ ಮಾವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಅದೂ ಸಾಲದೆಂಬಂತೆ, ಬೇಯಿಸಿದ ಹಾಳೆಗಳಿಗಿಂತ, ಬೇಯಿಸಲೆಂದು ಅವಳು ಹೊರಗೆ ತೂಗುಹಾಕಿದ್ದ ಹಸಿ ಹಾಳೆಗಳು ಅವರ ಹೆಬ್ಬೆರಳಿಗೆ ಹೆಚ್ಚು ಹಿಡಿಸಿದವು. ಅದರಲ್ಲಿ ಒಂದನ್ನು ಯಾರಿಗೂ ಹೇಳದೆ ತೆಗೆದು, ಒಂದು ಜೊತೆಗೆ ಬೇಕಾಗುವಷ್ಟು ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಒದ್ದೆ ಬಟ್ಟೆ ಸುತ್ತಿ, ತಗಡಿನ ಪೆಟ್ಟಿಗೆಗೆ ಹಾಕಿ ಮೇಲೊಂದು ಇಸ್ತ್ರಿಪೆಟ್ಟಿಗೆ ಹೇರಿದರು. ಮಾರನೆಯ ದಿನ ಜ್ವರ ಬಂದು ಮಲಗಿದರು. ವಾರದ ಹೊತ್ತು ಪೆಟ್ಟಿಗೆಯ ನೆನಪು ಯಾರಿಗೂ ಬರಲಿಲ್ಲ.

ಜ್ವರ ಬಿಟ್ಟು ಪೆಟ್ಟಿಗೆ ತೆರೆದಾಗ ನಾನೂ ಅಲ್ಲಿದ್ದೆ, ವ್ಯಾನಿನ ಕೀಲಿಗೆಂದು ಬಂದಿದ್ದೆ. ಬಟ್ಟೆ ಬಿಚ್ಚಿದರೆ ತುಂಡುಗಳೇ ಇಲ್ಲ. ಅಷ್ಟೂ ಸೇರಿ ಒಂದೇ ಮುದ್ದೆ. ಅಂಚಿನಲ್ಲಿ ಹತ್ತಿಯಂಥ ಬಿಳಿ. ಮಾವ ಎರಡು ಪದರಗಳನ್ನು ಬೇರ್ಪಡಿಸಲು ನೋಡಿದರು, ಬರಲಿಲ್ಲ. ಬಲವಾಗಿ ಎಳೆದರು. ಹರಿಯಿತು, ಆದರೆ ಕೂಡಿದ ಕಡೆ ಅಲ್ಲ, ಪಕ್ಕದಲ್ಲಿ. ಅವರು ಆ ಜಾಗವನ್ನೇ ನೋಡುತ್ತ ಕೂತರು. ಮಗಳನ್ನು ಕರೆದರು.

ಅವಳು ಬಂದವಳೇ, "ಅಯ್ಯೋ ಅಪ್ಪ! ಹಸಿದನ್ನ ಯಾಕೆ ಮುಟ್ಟಿದೆ? ಅದಿನ್ನೂ ಜೀವ ಇರೋದು, ನೀರು ಸಿಕ್ಕಿದ್ರೆ ಬೆಳೆಯಲ್ವಾ?" ಎಂದು ಶುರು ಮಾಡಿದಳು. ಬೈಯುತ್ತಲೇ ಮುದ್ದೆಯನ್ನು ಎತ್ತಿಕೊಂಡು ತಾನೂ ಎಳೆದಳು. ಇನ್ನೊಂದು ಸಲ ಎಳೆದಳು. ಬೈಗುಳ ಅರ್ಧಕ್ಕೇ ನಿಂತಿತು. "ಹಾಳಾಗಿದೆ, ಬಿಡು. ಎಸೆದುಬಿಡ್ತೀನಿ" ಎಂದು ಅದನ್ನು ಸೆರಗಿನಡಿ ಹಿಡಿದುಕೊಂಡು ಹೋದಳು. ಹಾಳಾದ ವಸ್ತುವನ್ನು ಯಾರೂ ಹಾಗೆ ಹಿಡಿದುಕೊಳ್ಳುವುದಿಲ್ಲ.

ಸಂಜೆ ಹೊಟ್ಟಿನ ಮೂಟೆ ಇಳಿಸುವಾಗ ನನಗೊಬ್ಬನಿಗೇ ಹೇಳಿದಳು. "ನೋಡ್ರೀ, ಕೈಯ ಆಕಾರದ ಅಚ್ಚಿನ ಮೇಲೆ ಹಸಿ ತುಂಡು ಅಂಟಿಸಿಟ್ರೆ ಸಾಕು. ತಾನಾಗೇ ಕೂಡಿಕೊಳ್ಳತ್ತೆ. ಹೊಲಿಗೆನೇ ಬೇಡ."

"ಒಳ್ಳೇದಾಯ್ತಲ್ಲ," ಎಂದೆ ನಾನು, ದಡ್ಡನ ಹಾಗೆ.

"ಯಾರಿಗೆ?" ಎಂದಳು.

ಆಮೇಲೆ ನನಗೂ ಹೊಳೆಯಿತು. ಅಂದಿನಿಂದ ಅವಳು ಒಂದೇ ಒಂದು ಹಾಳೆಯನ್ನೂ ಹಸಿಯಾಗಿ ಬಿಡಲಿಲ್ಲ. ಸುಲಿದದ್ದೇ ತಡ, ಓವನ್ನಿಗೆ. ಅಪ್ಪ ಕೇಳಲಿಲ್ಲ, ಮಗಳು ಹೇಳಲಿಲ್ಲ, ನನ್ನ ಬಾಯಿಗೆ ಬೀಗ ಬಿತ್ತು. ಅತ್ತೆಯೊಬ್ಬರು, "ಯಾಕೆ ಎಲ್ಲರೂ ಮೌನವ್ರತ ಹಿಡಿದಿದ್ದೀರಿ?" ಎಂದು ಕೇಳುತ್ತಲೇ ಇದ್ದರು.

ಅಷ್ಟರಲ್ಲಿ, ಅಪ್ಪನ ಅಣಬೆ ಕೈಗವಸು ಕೊಳ್ಳುತ್ತೀರಾ ಎಂದು ಅವಳು ಮೊದಲೇ ಕಾಗದ ಬರೆದಿದ್ದ ಫ್ಯಾಷನ್ ಕಂಪನಿಯಿಂದ ಒಬ್ಬರು ನೋಡಲು ಬಂದರು. ಒಳ್ಳೆಯ ಹೆಂಗಸು, ಮಾತಿಗೊಮ್ಮೆ 'ಪರಿಸರ' ಎನ್ನುತ್ತಿದ್ದರು. ಕುರ್ಚಿಯಲ್ಲಿ ಕೂತು ಎದ್ದೇಳುವುದರೊಳಗೆ ಅತ್ತೆ ಅವರಿಗೆ ಪರಿಸರದಮ್ಮ ಎಂದು ಹೆಸರಿಟ್ಟಾಗಿತ್ತು. ಮಾವ ಹೊಲಿದ ಅಣಬೆ ಕೈಗವಸನ್ನು ಅವರು ತೊಟ್ಟುಕೊಂಡು ಬೆರಳು ಮಡಿಸಿದರು, ಬಿಚ್ಚಿದರು, ಕೆನ್ನೆಗೆ ಒತ್ತಿಕೊಂಡರು.

"ನಾನು ಇಂಥದ್ದನ್ನ ನೋಡೇ ಇಲ್ಲ. ಒಂದು ಜೊತೆಗೆ ಎಷ್ಟು ಹೊತ್ತು ಬೇಕು?"

"ಎರಡು ದಿನ," ಎಂದರು ಮಾವ. "ಅವಸರ ಮಾಡಿದ್ರೆ ಮೂರು."

ಪರಿಸರದಮ್ಮ ನಕ್ಕರು, ಆದರೆ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟರು. ತಮಗೆ ಸಾವಿರಗಟ್ಟಲೆ ಬೇಕು, ಇದು ತೀರಾ ನಿಧಾನವಾಯಿತು ಎಂದು ಸಂಕೋಚದಿಂದಲೇ ಹೇಳಿದರು. ನನ್ನ ಹೆಂಡತಿ ಅದಕ್ಕೆ ಸಿದ್ಧವಾಗಿದ್ದಳು. ಅಪ್ಪನ ಕೈಕೆಳಗೆ ಹತ್ತು ಜನರನ್ನು ಕೂರಿಸಬಹುದು, ಅವರು ಕಲಿಸುತ್ತಾರೆ, ಇದೇ ಬೀದಿಯಲ್ಲಿ ಜಾಗ ಸಿಗುತ್ತದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಪರಿಸರದಮ್ಮ ಗಲ್ಲ ಕೆರೆದುಕೊಂಡು, "ಹ್ಞೂ, ಯೋಚನೆ ಮಾಡಬಹುದು" ಎಂದರು. ನನ್ನ ಹೆಂಡತಿಯ ಮುಖ ಅರಳಿತು.

ಆಗ ಮಾವ ಮೇಜಿನ ಡ್ರಾಯರ್ ಎಳೆದರು. ಆ ದಿನ ಹರಿದುಬಂದಿದ್ದ ಚೂರು ಅವರ ಬಳಿಯೇ ಉಳಿದಿತ್ತು. ಎರಡು ಪದರ ಒಂದಾಗಿ ಕೂಡಿದ್ದ ಚೂರು.

"ಇದನ್ನೂ ನೋಡಿಬಿಡಿ," ಎಂದರು. "ಇದಕ್ಕೆ ಹೊಲಿಗೆ ಬೇಡ. ಹಸಿಯಾಗಿದ್ದಾಗ ಪಕ್ಕಪಕ್ಕ ಇಟ್ರೆ ತಾನೇ ಸೇರಿಕೊಳ್ಳತ್ತೆ. ಎಳೆದು ನೋಡಿ."

ಪರಿಸರದಮ್ಮ ಎಳೆದು ನೋಡಿದರು. ಆಮೇಲೆ ನಡೆದದ್ದನ್ನೆಲ್ಲ ಹೇಳುವ ಅಗತ್ಯವಿಲ್ಲ. ಅವರು ಮೂರು ಜನರಿಗೆ ಫೋನ್ ಮಾಡಿದರು, ನನ್ನ ಹೆಂಡತಿಯನ್ನು ಅಪ್ಪಿಕೊಂಡರು, ಮಾವನ ಕೈ ಕುಲುಕಿದರು. ಮೇಜಿನ ಮೇಲಿದ್ದ ಹೊಲಿದ ಜೊತೆಯನ್ನು ಅಲ್ಲೇ ಬಿಟ್ಟುಹೋದರು.

ಬಾಗಿಲು ಹಾಕಿದ್ದೇ ತಡ, ಮಗಳು ತಿರುಗಿದಳು. "ಯಾಕಪ್ಪ ತೋರಿಸ್ದೆ?"

"ನೀನು ಯಾಕೆ ಬಚ್ಚಿಟ್ಟೆ?"

"ನಿನಗೋಸ್ಕರ! ಇನ್ಯಾರಿಗೋಸ್ಕರ?"

"ಗೊತ್ತು. ಅದಕ್ಕೇ ತೋರಿಸ್ದೆ." ಮಾವ ದಾರವನ್ನು ಉಂಡೆಗೆ ಸುತ್ತುತ್ತ ಕೂತಿದ್ದರು. "ತಾನಾಗೇ ಕೂಡಿಕೊಳ್ಳೋದನ್ನ ಬೇಕಂತ ಸುಟ್ಟು, ತಗೋ ಹೊಲಿ ಅಂತ ನನ್ನ ಕೈಗೆ ಕೊಡ್ತೀಯಾ? ನಾನೇನು ಮಗುನೇ, ಅಳ್ತಾ ಇದೆ ಅಂತ ಆಟದ ಸಾಮಾನು ಕೊಡೋಕೆ?"

ಮಗಳು ಅಳುತ್ತ ಒಳಗೆ ಹೋದಳು. ಅತ್ತೆ ಇಬ್ಬರಿಗೂ ಸರಿಸಮನಾಗಿ ಬೈದು ಅಡಿಗೆಗೆ ಎದ್ದರು. ನನಗೆ ಮಾವನ ಮೇಲೆ ಕೋಪವೂ ಬಂತು, ಹೆಮ್ಮೆಯೂ ಆಯಿತು. ಎರಡನ್ನೂ ತೋರಿಸದೆ ವ್ಯಾನ್ ತೊಳೆಯಲು ಹೋದೆ.

ಕಂಪನಿ ಊರ ಹೊರಗೆ ಶೆಡ್ಡು ಹಿಡಿಯಿತು. ಮಾವನ ಮರದ ಕೈಗಳನ್ನು ಒಯ್ದು, ಅವುಗಳಿಂದ ಅಚ್ಚು ಮಾಡಿಸಿ ವಾಪಸು ಕೊಟ್ಟರು. ನನ್ನ ಹೆಂಡತಿ ಅಲ್ಲಿಯ ಮೇಲ್ವಿಚಾರಕಿಯಾದಳು, ಹಿಂದಿನ ಕೋಣೆಯ ಟ್ರೇಗಳೂ ಅಲ್ಲಿಗೇ ಹೋದವು, ಮಾವನಿಗೆ ಹೊಲಿಯಲು ಹಾಳೆ ಉಳಿಯಲಿಲ್ಲ. ಅಚ್ಚಿನ ಮೇಲೆ ಅಣಬೆ ಬೆಳೆಯಿತು, ಕೂಡಿತು, ಬೆಂದಿತು, ಕೈಗವಸಾಗಿ ಕಳಚಿಬಂತು. ಎಲ್ಲಿಯೂ ಒಂದು ಗೆರೆ ಇಲ್ಲ, ಸೂಜಿ ಚುಚ್ಚಿದ ಗುರುತಿಲ್ಲ. ಮೊದಲ ಜೊತೆಯನ್ನು ಮಾವನಿಗೆ ತಂದುಕೊಟ್ಟಳು. ಅವರು ಒಳಗೆ ಕೈಹಾಕಿ, ಬೆರಳ ಸಂದಿ ನೋಡಿ, "ಚೆನ್ನಾಗಿದೆ" ಎಂದರು. ನಿಜವಾಗಿಯೂ ಚೆನ್ನಾಗಿತ್ತು. ಮಾರನೆಯ ಬೆಳಗ್ಗೆ ಚಪ್ಪಲಿಗಳು ಅಳತೆ ಪ್ರಕಾರ ಸಾಲಾಗಿ ನಿಂತಿದ್ದವು.

ಹೀಗೆ ಒಂದಷ್ಟು ಕಾಲ ಹೋಯಿತು. ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ ಉರಿಯುತ್ತ ಬಂದಳು. ಪರಿಸರದಮ್ಮ ಫೋನ್ ಮಾಡಿದ್ದರಂತೆ. ಅಂಗಡಿಗಳಲ್ಲಿ ಇಟ್ಟು ನೋಡಿದರೆ ಜನ ಮೂಗು ಮುರಿಯುತ್ತಿದ್ದಾರಂತೆ. ಹೊಲಿಗೆಯೇ ಇಲ್ಲದ ಕೈಗವಸು ಆಸ್ಪತ್ರೆಯವರು ಹಾಕಿಕೊಳ್ಳುವುದರ ಹಾಗೆ ಕಾಣುತ್ತದಂತೆ. ಕೈಯ ಹಿಂಭಾಗಕ್ಕೆ ಮೂರು ಸಾಲು ಹೊಲಿಗೆ ಇದ್ದರೆ ಲಕ್ಷಣವಾಗಿರುತ್ತದೆ.

"ಏನಂದ್ರು ಗೊತ್ತಾ? 'ಏನನ್ನೂ ಜೋಡಿಸಬೇಕಾಗಿಲ್ಲ, ನೋಡೋಕೆ ಮಾತ್ರ. ನಿಮ್ಮ ತಂದೆಯವರು ಹಾಕಿಕೊಡ್ತಾರಾ?' ಅಂತ ಕೇಳಿದ್ರು. ನಾನು ಬಿಡ್ತೀನಾ? ನಮ್ಮಪ್ಪ ಕೈಗವಸು ಹೊಲಿಯೋರು, ಕಸೂತಿ ಹಾಕೋರಲ್ಲ, ಇನ್ನೊಂದು ಸಲ ಇಂಥ ಮಾತು ಆಡಬೇಡಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ."

ನಾನು 'ಭೇಷ್' ಎನ್ನಲು ಬಾಯಿ ತೆರೆದೆ. ಮಾವನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತ್ತು.

"ಬೇಡ ಅಂದುಬಿಟ್ಯಾ?"

"ಮತ್ತೆ? ಆವತ್ತು ನೀನೇ ಅಂದೆಯಲ್ಲ ಅಪ್ಪ, ನಾನೇನು ಮಗುನೇ, ಆಟದ ಸಾಮಾನು ಕೊಡೋಕೆ ಅಂತ!"

"ಆವತ್ತು ಕೆಲಸ ಇತ್ತು ಕಣೆ," ಎಂದರು ಮಾವ. "ಕೆಲಸ ಇದ್ದಾಗ ಆಡೋ ಮಾತು ಅದು."

ಅವರು ಎದ್ದು ಕೈತೊಳೆದುಕೊಂಡರು. ಬಾಗಿಲ ಹತ್ತಿರ ನಿಂತು, ನಮ್ಮ ಕಡೆ ತಿರುಗದೆ, "ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದು ಹೇಳಿ ಮುಂದಿನ ಕೋಣೆಗೆ ಹೋದರು. ಅಷ್ಟು ದಿನಗಳಲ್ಲಿ ಅವರು ತಮಗಾಗಿ ಬಯಸಿದ್ದು ಅದೊಂದೇ, ಅದೂ ಕೈ ತಪ್ಪಿದ ಮೇಲೆ. ಭೇಷ್ ಎನ್ನದೆ ಉಳಿದದ್ದೇ ನನ್ನ ಪುಣ್ಯ.

ಬೆಳಗಾದದ್ದೇ ನನ್ನ ಹೆಂಡತಿ ನಾಚಿಕೆ ಬಿಟ್ಟು ಪರಿಸರದಮ್ಮನಿಗೆ ಫೋನ್ ಮಾಡಿದಳು. ಅವರು ಬೇಸರವನ್ನೇನೂ ಇಟ್ಟುಕೊಂಡಿರಲಿಲ್ಲ. ಆದರೆ ಅಷ್ಟರಲ್ಲಿ ಬೇರೆ ದಾರಿ ಹುಡುಕಿಯಾಗಿತ್ತು. ಹೊಲಿಗೆಯ ಗೆರೆಗಳನ್ನು ಅಚ್ಚಿನಲ್ಲೇ ಕೊರೆಸಿಬಿಟ್ಟರೆ ಅಣಬೆ ಬೆಳೆಯುವಾಗ ಹೊಲಿಗೆಯೂ ಅದರ ಜೊತೆಗೇ ಮೂಡುತ್ತದೆ. ನೂರಾದರೂ ಅಷ್ಟೇ, ಲಕ್ಷವಾದರೂ ಅಷ್ಟೇ. ಅಚ್ಚು ತೆಗೆಯಲು ನಿಜವಾದ ಹೊಲಿಗೆ ಇರುವ ಒಂದು ಜೊತೆ ಮಾತ್ರ ಬೇಕು.

ಈ ಸಲ ಅವಳು ಯಾರ ಪರವಾಗಿಯೂ ಏನೂ ಹೇಳಲಿಲ್ಲ. ಫೋನ್ ಇಟ್ಟು ಮುಂದಿನ ಕೋಣೆಗೆ ಹೋಗಿ ಅಪ್ಪನ ಎದುರು ನಿಂತಳು.

"ಅಪ್ಪ, ಒಂದು ಜೊತೆ ಬೇಕಂತೆ. ಅಚ್ಚು ತೆಗೆಯೋಕೆ. ಒಂದೇ. ಆಮೇಲೆ ಇನ್ಯಾವತ್ತೂ ಇಲ್ಲ. ಹಾಕಿಕೊಡ್ತೀಯಾ?"

ಮಾವ ಎದ್ದು ಗಾಜಿನ ಬೀರು ತೆರೆದರು. "ಯಾವ ದಾರ ಅಂತ ಹೇಳಿದಾರಾ, ಇಲ್ಲ ನನಗೇ ಬಿಟ್ಟಿದಾರಾ?"

ಶೆಡ್ಡಿನಿಂದ ತಂದ ಒಂದು ಜೊತೆಯ ಮೇಲೆ ಮೂರು ಸಾಲು ಹೊಲಿಗೆ. ಪಳಗಿದ ಕೈಗೆ ಒಂದು ಮಧ್ಯಾಹ್ನದ ಕೆಲಸ. ಮಾವ ಅದಕ್ಕೆ ವಾರ ತೆಗೆದುಕೊಂಡರು. ದಾರಕ್ಕೆ ಮೇಣ ಹಚ್ಚುವುದಕ್ಕೇ ಒಂದು ದಿನ ಹೋಯಿತು. ಅತ್ತೆ ಮಿಕ್ಸಿ ಹಾಕುವುದನ್ನು ನಿಲ್ಲಿಸಿದರು, ನಾನು ವ್ಯಾನನ್ನು ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬರುತ್ತಿದ್ದೆ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಕೊನೆಯ ದಿನ ನಾನು ಊಟಕ್ಕೆ ಬಂದಾಗ ಅವರು ಬಲಗೈಯ ಕಡೆಯ ಸಾಲು ಮುಗಿಸುತ್ತಿದ್ದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಳತೆಗೋಲು ಇಟ್ಟು ಗೆರೆ ಎಳೆದ ಹಾಗಿತ್ತು. ಇನ್ನು ಗಂಟು ಹಾಕಿ ದಾರ ಕತ್ತರಿಸಬೇಕು, ಅಷ್ಟೇ. ಅವರು ಕತ್ತರಿಸಲಿಲ್ಲ. ಸೂಜಿಯ ತುದಿಯಿಂದ ಕಿರುಬೆರಳ ಹತ್ತಿರದ ಕೊನೆಯ ಹೊಲಿಗೆಯೊಂದನ್ನು ಬಿಚ್ಚಿದರು. ಮತ್ತೆ ಹಾಕಿದರು, ಈ ಸಲ ಸ್ವಲ್ಪ ವಾರೆಯಾಗಿ. ಇನ್ನೊಮ್ಮೆ ಬೆಳಕಿಗೆ ಹಿಡಿದರು. ಗಂಟು ಹಾಕಿ ದಾರ ಕತ್ತರಿಸಿದರು. ಅದಕ್ಕಿಂತ ಸಣ್ಣ ತಪ್ಪಿಗೆ ಇಡೀ ಬೆರಳನ್ನೇ ಬಿಚ್ಚಿ ಹೊಲಿಯುವ ಮನುಷ್ಯ ಅವರು. ನಾನು ಬಾಗಿಲಲ್ಲಿ ನಿಂತಿದ್ದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ತಿಳಿಯದು.

ಸಂಜೆ ಮಗಳು ಆ ಜೊತೆಯನ್ನು ದೀಪದ ಕೆಳಗಿಟ್ಟು, ಟ್ರೇಗಳಲ್ಲಿ ಬೂಷ್ಟು ಹುಡುಕುವ ಭೂತಗನ್ನಡಿಯಲ್ಲಿ ನೋಡಿದಳು. ಎಡಗೈ ಮುಗಿಯಿತು. ಬಲಗೈಯಲ್ಲಿ ಕಿರುಬೆರಳ ಹತ್ತಿರ ಬಂದಾಗ ಗಾಜು ನಿಂತಿತು. ಮಾವ ಮೇಜಿನ ಮೇಲಿನ ದಾರದ ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳುತ್ತಿದ್ದರು.

"ಸರಿಯಾಗಿದೆಯಾ?"

ನಾನು ನನ್ನ ಹೆಂಡತಿಯ ಮುಖ ನೋಡಿದೆ. ಅವಳು ಭೂತಗನ್ನಡಿಯನ್ನು ಕೆಳಗಿಟ್ಟಳು.

"ಸರಿಯಾಗಿದೆ, ಅಪ್ಪ," ಎಂದಳು. ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು.

ಮಾರನೆಯ ದಿನ ಅಚ್ಚಿನ ಕಾರ್ಖಾನೆಗೆ ಒಯ್ದವನು ನಾನು. ಅಚ್ಚಿನವನು ತನ್ನ ಕೆಲಸ ಬಲ್ಲವನು. ಕೈಗವಸನ್ನು ಒಂದು ಸಲ ತಿರುಗಿಸಿದ್ದೇ ತಡ, ಹುಬ್ಬು ಗಂಟಿಕ್ಕಿದ.

"ಇಲ್ಲೊಂದು ಹೊಲಿಗೆ ಸೊಟ್ಟ ಬಿದ್ದಿದೆ ನೋಡಿ. ಇದು ಹೀಗೇ ಹೋದ್ರೆ ಇನ್ನು ಮುಂದೆ ಎಲ್ಲಾ ಕೈಗವಸಲ್ಲೂ ಸೊಟ್ಟನೇ ಬರತ್ತೆ." ಅವನು ಚಿಮಟಿಗೆ ಕೈಹಾಕಿದ. "ಇರಲಿ ಬಿಡಿ, ಈ ದಾರನ ಒಂಚೂರು ಆಚೆ ಸರಿಸಿದ್ರೆ ನೆಟ್ಟಗಾಗತ್ತೆ."

"ಬೇಡ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಮುಟ್ಟಬೇಡಿ."

"ಯಾಕ್ರೀ?"

"ಅಲ್ಲಿ ನಮ್ಮ ಮಾವ ಇದಾರೆ."

ಅವನು ನನ್ನನ್ನೊಮ್ಮೆ, ಕೈಗವಸನ್ನೊಮ್ಮೆ ನೋಡಿದ. ಆಮೇಲೆ ಚಿಮಟಿ ಕೆಳಗಿಟ್ಟು, ಅದನ್ನು ಇದ್ದ ಹಾಗೆಯೇ ಅಚ್ಚಿನ ಪೆಟ್ಟಿಗೆಯಲ್ಲಿ ಮಲಗಿಸಿದ.